ಮೇಜಿನ ಮೇಲೆ ನಿಂತ ಬೋರ್ಡು

ಜನವರಿ 9

ಅತ್ತಿಗೆಯವರಿಗೆ,

ಹೀಗೆ ಕರೆಯಬಹುದೋ ಬಾರದೋ ಗೊತ್ತಿಲ್ಲ. ಕೋರ್ಟಿನ ಕಾಗದದಲ್ಲಿ ನಿಮ್ಮ ಮತ್ತು ಅಣ್ಣನ ವಿಷಯ ಮಾತ್ರ ಇತ್ತು, ನನ್ನ ಸುದ್ದಿ ಎಲ್ಲೂ ಇರಲಿಲ್ಲ. ಹಾಗಾಗಿ ಹಳೆಯದನ್ನೇ ಮುಂದುವರಿಸಿದ್ದೇನೆ. ತಪ್ಪೆನಿಸಿದರೆ ಆ ಒಂದು ಪದ ಬಿಟ್ಟು ಮುಂದೆ ಓದಿಕೊಳ್ಳಿ.

ಪೆಟ್ಟಿಗೆಯಲ್ಲಿರುವುದು ನೀವೇ ಜೋಡಿಸಿಕೊಟ್ಟ ನನ್ನ ಕಂಪ್ಯೂಟರಿನ ಮದರ್‌ಬೋರ್ಡ್. ಪ್ರೊಸೆಸರು, ರ್‍ಯಾಮು ಅದರ ಮೇಲೇ ಇವೆ, ಬಿಚ್ಚಲು ಧೈರ್ಯ ಬರಲಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ಅದರದ್ದೇನೂ ತಕರಾರಿಲ್ಲ. ರೆಂಡರಿಗೆ ಕೂರಿಸಿದರೆ ಮಾತ್ರ ಸ್ವಲ್ಪ ಹೊತ್ತು ಬಂಗಾರದ ಮಗುವಿನ ಹಾಗೆ ಓಡಿ, ಆಮೇಲೆ ಹೇಳದೆ ಕೇಳದೆ ಪರದೆ ಕಪ್ಪಾಗುತ್ತದೆ. ಮತ್ತೆ ಮೊದಲಿನಿಂದ ಶುರು.

ನನ್ನ ಕೆಲಸ ಇನ್ನೂ ಅದೇ. ಯಾರೂ ಕಟ್ಟದ ಕಟ್ಟಡದೊಳಗೆ ಜನರನ್ನು ನಡೆದಾಡಿಸುವುದು. ಗೋಡೆ, ಕಿಟಕಿ, ಬೀಳುವ ಬಿಸಿಲು ಎಲ್ಲವನ್ನೂ ಲೆಕ್ಕ ಹಾಕಿ ಒಂದೊಂದೇ ಚಿತ್ರ ತೆಗೆಯಲು ಕಂಪ್ಯೂಟರು ದಿನಗಟ್ಟಲೆ ದುಡಿಯಬೇಕು, ಆ ದುಡಿಮೆಗೇ ರೆಂಡರ್ ಎನ್ನುವುದು ಎಂದು ಅಣ್ಣನಿಗೆ ಹೇಳಿ ಹೇಳಿ ನಿಮಗೇ ಸಾಕಾಗಿತ್ತು. ಈಗ ಕೈಯಲ್ಲಿರುವುದು ಒಂದು ಮಕ್ಕಳ ಆಸ್ಪತ್ರೆಯ ಚಿತ್ರ. ಮಾರ್ಚ್ ಕೊನೆಗೆ ದಾನಿಗಳ ಮುಂದೆ ತೋರಿಸುತ್ತಾರಂತೆ.

ಆ ಊರಲ್ಲಿ ರಿಪೇರಿ ಅಂಗಡಿಗಳಿಲ್ಲವೇ ಎಂದು ಕೇಳಬೇಡಿ. ನಮ್ಮ ಬೀದಿಯಲ್ಲೇ ಎರಡಿವೆ. ನಿಮ್ಮ ಫೋನ್ ನಂಬರು ಬದಲಾಗಿದೆ, ಮನೆ ಎಲ್ಲಿದೆಯೋ ಗೊತ್ತಿಲ್ಲ. ನೀವು ಕೆಲಸಕ್ಕೆ ಸೇರಿರುವ ಅಂಗಡಿಯವರು ಬೋರ್ಡುಗಳನ್ನು ಪಾರ್ಸೆಲ್‌ನಲ್ಲೂ ತೆಗೆದುಕೊಳ್ಳುತ್ತಾರೆ, ದೋಷದ ವಿವರವನ್ನು ಕಾಗದದಲ್ಲಿ ಬರೆದಿಟ್ಟರೆ ಸಾಕು ಎಂದು ಜಾಹೀರಾತಿನಲ್ಲಿ ಓದಿದೆ.

ಇದು ದೋಷದ ವಿವರ.

ಇಂತಿ ನಿಮ್ಮ ನಾದಿನಿ,
ಚೂಟಿ


ಜನವರಿ 17

ಗ್ರಾಹಕರಿಗೆ,

ತಮ್ಮ ಬೋರ್ಡು ತಲುಪಿದೆ.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ಬೋರ್ಡು ರಿಪೇರಿಯವರನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ. ಬೋರ್ಡಿನ ಮೇಲಿರುವ ಗುಂಡು ಸೆಲ್ ತೆಗೆಯದೆ ಕಳಿಸಿದ್ದೀರಿ, ಆದ್ದರಿಂದ ತಾವು ಮಾಡಿದ ಸೆಟ್ಟಿಂಗ್‌ಗಳೆಲ್ಲ ಅದರಲ್ಲೇ ಉಳಿದಿದ್ದವು. ಪ್ರೊಸೆಸರಿನ ವೇಗವನ್ನು ಕಂಪನಿ ಇಟ್ಟಿದ್ದಕ್ಕಿಂತ ಸಾಕಷ್ಟು ಮೇಲೆ ಏರಿಸಲಾಗಿದೆ. ವೋಲ್ಟೇಜನ್ನೂ ಏರಿಸಲಾಗಿದೆ. ದೋಷದ ವಿವರದಲ್ಲಿ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇದು ಅಗ್ಗದ ಬೋರ್ಡು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ವೇಗವನ್ನು ಮೊದಲಿದ್ದ ಕಡೆಗೆ ಇಳಿಸಿ ಹಗಲಿಡೀ ಓಡಿಸಿ ನೋಡಿದ್ದೇನೆ, ಒಮ್ಮೆಯೂ ಪರದೆ ಕಪ್ಪಾಗಿ ಬೀಳಲಿಲ್ಲ. ದೋಷವಿಲ್ಲ. ವಾಪಸ್ಸು ಕಳಿಸಲಾಗಿದೆ.

ಪ್ರೊಸೆಸರಿನ ಶಾಖ ದಾಟಿಸುವ ಪೇಸ್ಟು ಒಣಗಿತ್ತು. ಹೊಸದು ಹಾಕಿದ್ದೇನೆ.

ಇಂತಿ,
ಬೋರ್ಡು ವಿಭಾಗ


ಜನವರಿ 28

ಬೋರ್ಡು ವಿಭಾಗದ ಅತ್ತಿಗೆಯವರಿಗೆ,

ವೇಗ ಏರಿಸಿದ್ದು ನಾನೇ. ಹೇಳದಿದ್ದುದು ತಪ್ಪು. ನೀವು ಬೈಯುತ್ತೀರೆಂದು ಹೇಳಲಿಲ್ಲ, ಕೊನೆಗೆ ಬೈದೇ ಬೈದಿರಿ. ಆದರೆ "ತಾವು", "ಏರಿಸಲಾಗಿದೆ" ಎಂದೆಲ್ಲ ಬೈಸಿಕೊಳ್ಳುವುದು ಕಷ್ಟ, ಅತ್ತಿಗೆ. ಮೊದಲಿನ ಹಾಗೆ "ಏ ಕತ್ತೆ" ಎಂದು ಬೈದಿದ್ದರೆ ಅರ್ಧ ನೋವಿರುತ್ತಿತ್ತು.

ನೀವು ಇಳಿಸಿದ ವೇಗದಲ್ಲಿ ಕೂರಿಸಿ ನೋಡಿದೆ. ಬೀಳುವುದಿಲ್ಲ, ನಿಜ. ಆದರೆ ಆಮೆಗೂ ಅದಕ್ಕೂ ಪಂದ್ಯ ಇಟ್ಟರೆ ಆಮೆಯೇ ಗೆಲ್ಲುತ್ತದೆ. ಆಸ್ಪತ್ರೆಯವರು ಚಿತ್ರಕ್ಕೆ ಇನ್ನೊಂದು ವಾರ್ಡು ಸೇರಿಸಲು ಹೇಳಿದ್ದಾರೆ. ಈ ನಡಿಗೆಯಲ್ಲಿ ನಡೆದರೆ ಮಾರ್ಚ್ ಅಲ್ಲ, ಮೇ ತಿಂಗಳಾದರೂ ಮುಗಿಯುವುದಿಲ್ಲ. ಅದಕ್ಕೇ ಮತ್ತೆ ಸ್ವಲ್ಪ ಏರಿಸಿದೆ. ಮತ್ತೆ ಬಿತ್ತು. ಇಂಟರ್ನೆಟ್ಟಿನಲ್ಲಿ ಇದೇ ಪ್ರೊಸೆಸರನ್ನು ಜನ ಇನ್ನೂ ಮೇಲಕ್ಕೆ ಕೊಂಡೊಯ್ದು ಆರಾಮಾಗಿದ್ದಾರೆ. ನನ್ನದು ಮಾತ್ರ ಯಾಕೆ ಬೀಳಬೇಕು? ಬೋರ್ಡನ್ನು ಏರಿಸಿದ ವೇಗದಲ್ಲೇ ಇಟ್ಟು ಕಳಿಸುತ್ತಿದ್ದೇನೆ. ದಯವಿಟ್ಟು ಇಳಿಸದೆ ಪರೀಕ್ಷಿಸಿ.

ಇಷ್ಟು ಬೋರ್ಡಿನ ವಿಷಯ.

ಇನ್ನೊಂದು ಕೇಳಬೇಕು. ಕೇಳದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಅಣ್ಣನನ್ನು ಬಿಟ್ಟಿರಿ, ಸರಿ. ಅದು ನಿಮ್ಮಿಬ್ಬರ ಮಾತು, ಅವನ ತಂಗಿಯಾಗಿಯೂ ನಿಮ್ಮದು ತಪ್ಪೆಂದು ನಾನು ಹೇಳಲಾರೆ. ನನ್ನನ್ನು ಯಾಕೆ ಬಿಟ್ಟಿರಿ? ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲ್ಡರಿಂಗ್ ಕಡ್ಡಿ ಹಿಡಿಯಲು ಕಲಿಸಿದವರು ನೀವು. ಅಮ್ಮ ಹೋದಾಗ ನನ್ನ ತಲೆ ಬಾಚಿದವರು ನೀವು. ಹೋಗುವ ದಿನ ಆಟೋದಲ್ಲಿ ಕುಳಿತು, "ಇನ್ನು ನಿಮ್ಮ ಮನೆಯವರ ಯಾರ ಜೊತೆಗೂ ನನಗೆ ಮಾತಿಲ್ಲ" ಎಂದಿರಿ. ಯಾರ ಜೊತೆಗೂ ಎಂಬುದರಲ್ಲಿ ನಾನೂ ಇದ್ದೇನೆ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ಅಣ್ಣನ ಮೇಲೆ ನಿಮಗಿದ್ದ ದೊಡ್ಡ ದೂರು ಒಂದೇ. ಮುನಿಸಿಕೊಂಡರೆ ವಾರಗಟ್ಟಲೆ ಬಾಯಿ ಬಿಡುವುದಿಲ್ಲ ಅಂತ. ಈಗ ನೀವು ಮಾಡುತ್ತಿರುವುದು ಏನು?

ಇಂತಿ,
ನಿಮ್ಮ ಗ್ರಾಹಕಿ


ಫೆಬ್ರವರಿ 6

ಚೂಟಿ,

ಎಲಾ ಇವಳೇ. ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಮೊದಲು ಬೋರ್ಡು. ನೀನು ಏರಿಸಿದ ವೇಗದಲ್ಲೇ ಇಟ್ಟು ಎರಡು ದಿನ ಸುಸ್ತು ಹೊಡೆಸಿದೆ. ಒಂದು ಸಲವೂ ಬೀಳಲಿಲ್ಲ. ನನ್ನ ಮೇಜು ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿದೆ, ನೆತ್ತಿಯ ಮೇಲೇ ದೊಡ್ಡ ಫ್ಯಾನು. ಅಂಗಡಿಯ ಯಜಮಾನರು ತಮ್ಮ ಜಾಗವನ್ನೇ ಬಿಟ್ಟುಕೊಟ್ಟಿದ್ದಾರೆ. ಬೋರ್ಡನ್ನು ರಟ್ಟಿನ ಡಬ್ಬಿಯ ಮೇಲೆ ಮಲಗಿಸಿ, ವಿದ್ಯುತ್ತು ಕೊಟ್ಟು, ಪಕ್ಕದಲ್ಲೇ ಕುಳಿತು ಬೇರೆ ಕೆಲಸ ಮಾಡುತ್ತಾ ಕಣ್ಣಿಟ್ಟಿರುತ್ತೇನೆ. ಈ ಮೇಜಿನ ಮೇಲೆ ನಿಂತ ಬೋರ್ಡು ಎಲ್ಲಿ ಹೋದರೂ ನಿಲ್ಲುತ್ತದೆ ಎಂದು ಯಜಮಾನರು ಗಿರಾಕಿಗಳಿಗೆ ಹೇಳುತ್ತಾರೆ. ಇಲ್ಲಿ ನಿಂತದ್ದು ನಿಮ್ಮಲ್ಲಿ ಬೀಳುತ್ತದೆ ಎಂದರೆ ದೋಷ ಬೋರ್ಡಿನಲ್ಲಿಲ್ಲ, ನಿಮ್ಮಲ್ಲಿದೆ. ಕರೆಂಟು ನೋಡಿಸು, ಬೋರ್ಡಿಗೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್ ನೋಡಿಸು. ವಾಪಸ್ಸು ಕಳಿಸಿದ್ದೇನೆ.

ಇನ್ನು ನಿನ್ನ ಪ್ರಶ್ನೆ. ಹರಿದುಹಾಕೋಣ ಎಂದುಕೊಂಡೆ. ಆದರೆ ಆ ಕೊನೆಯ ಸಾಲು ಇದೆಯಲ್ಲ, ಅದು ನನ್ನನ್ನು ಊಟ ಮಾಡಲು ಬಿಡಲಿಲ್ಲ.

ನಿಮ್ಮಣ್ಣ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲ್ಕು ಜನರನ್ನು ಕೂಡಿಸಿ ಹೇಳಬಹುದಿತ್ತು, ನನಗೂ ಸುಲಭವಾಗುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಹಾಗಾದರೆ ಅವರು ನನ್ನನ್ನು ಬಂಗಾರದಲ್ಲಿ ಹೂತುಬಿಟ್ಟಿದ್ದರು. ಊಟಕ್ಕೆ ಬಡಿಸಿದರೆ ತಿನ್ನುತ್ತಿದ್ದರು, ಬಡಿಸದಿದ್ದರೆ ಹಾಗೇ ಮಲಗುತ್ತಿದ್ದರು. "ಏನಾಯ್ತು ಹೇಳಿ" ಎಂದರೆ "ಅಂದ್ರೆ?" ಎಂದು ಮುಖ ನೋಡುತ್ತಿದ್ದರು. ಇಷ್ಟೇ. ಏನು ಮಾಡಿದರೂ ಇಷ್ಟೇ.

ನಿನ್ನನ್ನು ಯಾಕೆ ಬಿಟ್ಟೆ ಅಂದರೆ, ನಿನ್ನ ದನಿ ಅವರದೇ. ನಿಮ್ಮಿಬ್ಬರಿಗೂ ಗೊತ್ತಿಲ್ಲ ಅದು. ಮಾತು ಶುರು ಮಾಡುವ ಮೊದಲು "ಅಂದ್ರೆ" ಎಂದು ಎಳೆಯುವುದು, ನಗುವಾಗ ಮೂಗಿನಲ್ಲಿ ಒಂದು ಸಣ್ಣ ಸದ್ದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನೀನು ಎರಡು ಸಲ ಫೋನ್ ಮಾಡಿದೆಯಲ್ಲ, "ಅತ್ತಿಗೆ" ಎನ್ನುವ ಮೊದಲೇ ಅವರೇ ಮಾತಾಡಿದ ಹಾಗಾಗಿ ಫೋನು ಇಟ್ಟುಬಿಟ್ಟೆ. ಅದಕ್ಕೆ ನಂಬರು ಬದಲಾಯಿಸಿದೆ. ನಿನ್ನ ಮೇಲೆ ಸಿಟ್ಟಿನಿಂದಲ್ಲ, ಕತ್ತೆ. ಕಾಗದಕ್ಕೆ ದನಿ ಇಲ್ಲ. ಆದ್ದರಿಂದ ಇದಕ್ಕೆ ಉತ್ತರ ಕೊಡುತ್ತಿದ್ದೇನೆ.

ಇದರ ಮೇಲೆ ಜಾಸ್ತಿ ಕೇಳಬೇಡ.

ಇಂತಿ,
ರಿಪೇರಿಯವಳು


ಫೆಬ್ರವರಿ 14

ಅತ್ತಿಗೆ,

ಕೇಳುವುದಿಲ್ಲ. ಕಾಗದವನ್ನು ನಾಲ್ಕೈದು ಸಲ ಓದಿ ಒಂದು ಸಲ ಚೆನ್ನಾಗಿ ಅತ್ತೆ, ಆಮೇಲೆ ಹಗುರಾಯಿತು. ದನಿಯ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನನ್ನ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿಸಿಕೊಂಡೆ. ಅಂದ್ರೆ, ಇದ್ದರೂ ಇರಬಹುದು.

ಈಗ ಜಗಳ. "ದೋಷ ನಿಮ್ಮಲ್ಲಿದೆ" ಎಂದು ಬರೆದಿದ್ದೀರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕರೆಂಟು ನೋಡಿಸಿದೆ, ಚೆನ್ನಾಗಿದೆ. ಎಸ್‌ಎಂಪಿಎಸ್ ಬದಲಾಯಿಸಿ ನೋಡಿದೆ, ಬಿತ್ತು. ರ್‍ಯಾಮನ್ನು ಒಂದೊಂದಾಗಿ ತೆಗೆದು ನೋಡಿದೆ, ಬಿತ್ತು. ಆಮೇಲೆ ನೀವು ಕಲಿಸಿದ್ದನ್ನೇ ಮಾಡಿದೆ, ಸುಮ್ಮನೆ ಕುಳಿತು ನೋಡಿದೆ.

ನನ್ನ ಕೋಣೆ ಹೇಗಿದೆ ಎಂದು ಹೇಳುತ್ತೇನೆ. ಮೂರನೇ ಮಹಡಿ, ಒಂದೇ ಕಿಟಕಿ. ಎದುರಿಗೆ ಮರ ಕುಯ್ಯುವ ಕಾರ್ಖಾನೆ, ಹಗಲೆಲ್ಲ ಹೊಟ್ಟು ಹಾರುತ್ತದೆ, ಆದ್ದರಿಂದ ಕಿಟಕಿ ಮುಚ್ಚಿಯೇ ಇರುತ್ತದೆ. ಬೋರ್ಡು ಕೂರಿಸಿದ ಕ್ಯಾಬಿನೆಟ್ಟು ಮೇಜಿನ ಕೆಳಗೆ, ಗೋಡೆಗೆ ಬೆನ್ನು ತಾಗಿಸಿಕೊಂಡು ನಿಂತಿದೆ. ಧೂಳು ಹೋಗಬಾರದೆಂದು ಅದರ ಎರಡೂ ಬಾಗಿಲು ಬಿಗಿಯಾಗಿ ಮುಚ್ಚಿರುತ್ತೇನೆ. ಈ ಸಲ ಬಿದ್ದ ತಕ್ಷಣ ಪಕ್ಕದ ಬಾಗಿಲು ತೆಗೆದು ಕೈ ಹಾಕಿದೆ. ಪ್ರೊಸೆಸರಿನ ಮೇಲಿನ ಕೂಲರು ಬರೀ ಬೆಚ್ಚಗಿತ್ತು. ಆದರೆ ಅದರ ಎಡಕ್ಕೆ ಸಾಲಾಗಿ ಕಪ್ಪು ಚೌಕದ ಚಿಪ್ಪುಗಳಿವೆಯಲ್ಲ, ಅವುಗಳಲ್ಲಿ ಒಂದಕ್ಕೆ ಬೆರಳು ತಾಗಿ ಚುರುಕ್ಕೆಂದಿತು. ಗುಳ್ಳೆ ಬಂದಿದೆ.

ನೀವು ಬೋರ್ಡನ್ನು ದೊಡ್ಡ ಫ್ಯಾನಿನ ಕೆಳಗೆ ಗಾಳಿಗೆ ಮಲಗಿಸಿ ಆರೋಗ್ಯ ವಿಚಾರಿಸಿದ್ದೀರಿ. ಇಲ್ಲಿ ಅದು ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತುಕೊಂಡು ದುಡಿಯುತ್ತದೆ. ನನಗೆ ತೋಚಿದ್ದು ಇಷ್ಟು. ತಪ್ಪಿದ್ದರೆ ಬೈಯಿರಿ, ಸಿದ್ಧಳಾಗಿದ್ದೇನೆ.

ಈ ಸಲ ಇಡೀ ಕ್ಯಾಬಿನೆಟ್ಟನ್ನೇ ಕಳಿಸಿದ್ದೇನೆ. ಅದನ್ನು ಮೂರು ಮಹಡಿ ಇಳಿಸುವಷ್ಟರಲ್ಲಿ ಪಾರ್ಸೆಲ್‌ನವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಅಣ್ಣನಿಗೂ ಪಾಲು ಸಿಕ್ಕಿರಬೇಕು.

ಇಂತಿ,
ಚೂಟಿ


ಫೆಬ್ರವರಿ 23

ಚೂಟಿ,

ಬೆರಳಿಗೆ ಮುಲಾಮು ಹಚ್ಚಿದೆಯಾ? ನೀನು ಹಚ್ಚಿರುವುದಿಲ್ಲ, ನನಗೆ ಗೊತ್ತು. ಹಚ್ಚಿ ಮುಂದೆ ಓದು.

ನೀನು ಹೇಳಿದ್ದು ಸರಿ. ಕ್ಯಾಬಿನೆಟ್ಟನ್ನು ಬಂದ ಹಾಗೇ ಮುಚ್ಚಿ, ಗೋಡೆಗೆ ಒರಗಿಸಿ, ಫ್ಯಾನು ಆರಿಸಿ ಕೂರಿಸಿದೆ. ಫ್ಯಾನು ಆರಿಸಿದ್ದಕ್ಕೆ ಯಜಮಾನರು "ಏನಮ್ಮಾ, ನಮ್ಮನ್ನೂ ಪರೀಕ್ಷೆ ಮಾಡ್ತಿದ್ದೀಯಾ?" ಎಂದು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತರು. ಅವರು ಪೇಪರು ಓದಿ ಮುಗಿಸುವ ಮೊದಲೇ ಬಿತ್ತು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಬಿತ್ತು.

ಆ ಕಪ್ಪು ಚಿಪ್ಪುಗಳು ಪ್ರೊಸೆಸರಿಗೆ ವಿದ್ಯುತ್ತು ಅಳೆದು ಕೊಡುವವು. ಅಡುಗೆಮನೆಯವರು ಇದ್ದ ಹಾಗೆ, ಅವರು ಸುಸ್ತಾದರೆ ಪಂಕ್ತಿಯಲ್ಲಿ ಎಷ್ಟು ಒಳ್ಳೆಯ ಉಣ್ಣುವವನಿದ್ದರೂ ಎಲೆ ಖಾಲಿ. ದುಬಾರಿ ಬೋರ್ಡಿನಲ್ಲಿ ಅವು ಹೆಚ್ಚು ಸಂಖ್ಯೆಯಲ್ಲಿರುತ್ತವೆ, ಮೇಲೆ ಹೀಟ್‌ಸಿಂಕ್ ಎನ್ನುವ ಶಾಖ ಹೀರುವ ಲೋಹದ ದಿಮ್ಮಿ ಇರುತ್ತದೆ. ಅಗ್ಗದ್ದರಲ್ಲಿ ಇರುವುದೇ ನಾಲ್ಕು, ಅವೂ ಬೋಳುಬೋಳು. ಇಂಟರ್ನೆಟ್ಟಿನ ಜನರ ಪ್ರೊಸೆಸರೂ ನಿನ್ನದೂ ಒಂದೇ, ಬೋರ್ಡು ಒಂದೇ ಅಲ್ಲ. ನೀನು ವೇಗ ಏರಿಸಿದಾಗ ದುಡಿಮೆ ಹೆಚ್ಚಾದದ್ದು ಇವುಗಳಿಗೆ. ನನ್ನ ಮೇಜಿನ ಮೇಲೆ ಫ್ಯಾನಿನ ಗಾಳಿ ನೇರ ಅವುಗಳ ನೆತ್ತಿಗೇ ಬೀಳುತ್ತಿತ್ತು, ನಿಂತವು.

ನನಗೆ ನಾಚಿಕೆಯಾಗಿದೆ. ಎಷ್ಟು ಬೋರ್ಡುಗಳಿಗೆ "ದೋಷವಿಲ್ಲ" ಎಂದು ಚೀಟಿ ಅಂಟಿಸಿ ಕಳಿಸಿದ್ದೇನೋ. ಆ ಜನ ಮನೆಗೆ ಒಯ್ದು, ಮತ್ತೆ ಬಿದ್ದು, ತಮ್ಮ ತಲೆಯ ಮೇಲೇ ತಪ್ಪು ಹೊತ್ತುಕೊಂಡಿರುತ್ತಾರೆ. ನಿನಗೂ ಹಾಗೇ ಬರೆದೆನಲ್ಲ, ದೋಷ ನಿಮ್ಮಲ್ಲಿದೆ ಅಂತ. ಯಜಮಾನರಿಗೆ ಹೇಳಿದೆ. ಇನ್ನು ಮೇಲೆ ಬೋರ್ಡು ಯಾವ ಪೆಟ್ಟಿಗೆಯಲ್ಲಿರುತ್ತದೋ ಅದರೊಳಗೇ ಇಟ್ಟು, ಬಾಗಿಲು ಮುಚ್ಚಿ ನೋಡುವುದು ಎಂದು ತೀರ್ಮಾನವಾಗಿದೆ. ಅವರು "ನಿನ್ನ ನಾದಿನಿಯನ್ನೂ ಕೆಲಸಕ್ಕೆ ತಗೋಳೋಣವಾ?" ಎಂದರು. ನಾದಿನಿ ಎಂದು ಅವರಿಗೆ ಯಾರು ಹೇಳಿದರೋ. ನಾನೇ ಹೇಳಿರಬೇಕು.

ಇದನ್ನು ಓದುತ್ತಾ ನೀನು ಏನು ಯೋಚಿಸುತ್ತಿದ್ದೀಯ ಗೊತ್ತು. ಹೊರಗೆ ಗಾಳಿಯಲ್ಲಿ ಚೆನ್ನಾಗಿದ್ದದ್ದು ಮನೆಯೊಳಗೆ ಬಾಗಿಲು ಮುಚ್ಚಿದ ಮೇಲೆ ಬಿತ್ತು, ಅತ್ತಿಗೆಯ ಸಂಸಾರವೂ ಹೀಗೇ ಅಲ್ಲವೇ ಅಂತ. ಯೋಚಿಸಬೇಡ. ನನಗೆ ಆ ಚಾಳಿ ಇಲ್ಲ. ಬೋರ್ಡು ಬೋರ್ಡೇ, ಗಂಡ ಗಂಡನೇ. ಗಂಡನಿಗೆ ಹೀಟ್‌ಸಿಂಕ್ ಅಂಟಿಸಲು ಬರುವುದಿಲ್ಲ.

ನಾಲ್ಕು ಚಿಪ್ಪಿಗೂ ಅಲ್ಯುಮಿನಿಯಂ ತುಂಡು ಅಂಟಿಸಿದ್ದೇನೆ. ಪಕ್ಕದ ಬಾಗಿಲಿಗೆ ತೂತು ಕೊರೆದು ಸಣ್ಣ ಫ್ಯಾನು ಕೂರಿಸಿ, ಹೊಟ್ಟು ಹೋಗದಂತೆ ಜಾಲರಿ ಕಟ್ಟಿದ್ದೇನೆ. ಜಾಲರಿಯನ್ನು ವಾರಕ್ಕೊಮ್ಮೆ ಒರೆಸು. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆಗಿಡು. ವೋಲ್ಟೇಜು ಇಳಿಸಿ, ವೇಗವನ್ನು ನೀನು ಕೇಳಿದ್ದಕ್ಕಿಂತ ಕೆಳಗೆ, ಕಂಪನಿಯದ್ದಕ್ಕಿಂತ ಮೇಲೆ ನಿಲ್ಲಿಸಿದ್ದೇನೆ. ಮುಚ್ಚಿದ ಬಾಗಿಲಲ್ಲಿ ಎರಡು ದಿನ ನಿಂತಿತು. ಇದರ ಮೇಲೆ ಒಂದು ಗೆರೆಯೂ ಏರಿಸಬೇಡ. ಅದರ ಶಕ್ತಿ ಅಷ್ಟೇ. ಬಡವರ ಮನೆಯ ಬೋರ್ಡು, ನಾನೇ ಆರಿಸಿ ಕೊಟ್ಟದ್ದು, ಅದರ ಮೇಲೆ ಸಿಟ್ಟಾಗಬೇಡ.

ಆಸ್ಪತ್ರೆಯವರಿಗೆ ಆ ಹೆಚ್ಚಿನ ವಾರ್ಡನ್ನು ಚಿತ್ರದಲ್ಲಿ ಚಿಕ್ಕದು ಮಾಡಲು ಹೇಳು. ಕೇಳಿದರೆ ಕೊಡುತ್ತಾರೆ. ನೀನು ಕೇಳುವುದಿಲ್ಲ, ಅದೇ ನಿನ್ನ ರೋಗ.

ಇಂತಿ,
ಅತ್ತಿಗೆ


ಏಪ್ರಿಲ್ 20

ಚೂಟಿ,

ಮಾರ್ಚ್ ಮುಗಿದು ಏಪ್ರಿಲ್ ಮುಗಿಯುತ್ತಾ ಬಂತು. ಬೋರ್ಡು ಇದೆಯೋ ಸುಟ್ಟಿತೋ? ಚಿತ್ರ ಮುಗಿಯಿತೋ? ಇಷ್ಟು ದಿನ ನನಗೆ ಬೋಧನೆ ಮಾಡಿ ಈಗ ನೀನೇ ಬಾಯಿಗೆ ಬೀಗ ಹಾಕಿಕೊಂಡಿದ್ದೀಯಲ್ಲ. ನಿಮ್ಮ ಮನೆತನದ ಗುಣ ಎಲ್ಲಿ ಹೋಗುತ್ತದೆ.

ಒಂದು ಸಾಲು ಬರೆದರೂ ಸಾಕು.

ಅತ್ತಿಗೆ


ಏಪ್ರಿಲ್ 29

ಅತ್ತಿಗೆ,

ಬೋರ್ಡು ಗಟ್ಟಿಯಾಗಿದೆ. ಒಮ್ಮೆಯೂ ಬೀಳಲಿಲ್ಲ. ವಾರ್ಡನ್ನು ಚಿಕ್ಕದು ಮಾಡಿ ಎಂದು ಕೇಳಿದೆ, "ಮೊದಲೇ ಹೇಳಬಾರದಿತ್ತೇ" ಎಂದು ಒಪ್ಪಿದರು. ಹೇಳಿದ ದಿನಕ್ಕೆ ಚಿತ್ರ ಕೊಟ್ಟೆ. ದಾನಿಗಳಲ್ಲಿ ಒಬ್ಬ ಅಜ್ಜಿ, ಮಕ್ಕಳ ಹಾಸಿಗೆಯ ಮೇಲೆ ಕಿಟಕಿಯ ಬಿಸಿಲು ಬೀಳುವುದನ್ನು ನೋಡಿ ಕಣ್ಣೊರೆಸಿಕೊಂಡರಂತೆ. ಇನ್ನೊಂದು ಕೆಲಸವೂ ಬಂದಿದೆ. ಇಷ್ಟನ್ನು ಏಪ್ರಿಲ್ ಒಂದನೇ ತಾರೀಖಿಗೇ ಬರೆಯಬಹುದಿತ್ತು. ಬರೆದೆ ಕೂಡ. ಕಳಿಸಲಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ವಿಷಯ ಇರಲಿಲ್ಲ, ಆ ಅರ್ಧವನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಮತ್ತೆ ದೋಷದ ವಿವರದಲ್ಲಿ ಸುಳ್ಳು ಹೇಳಿದ ಹಾಗೆ.

ಅಣ್ಣ ಮದುವೆಯಾಗುತ್ತಿದ್ದಾನೆ. ಮೇ ತಿಂಗಳಲ್ಲಿ, ರಿಜಿಸ್ಟ್ರಾರ್ ಆಫೀಸಿನಲ್ಲಿ, ನಾಲ್ಕೈದು ಜನರ ಮುಂದೆ. ಆಕೆ ಅವನ ಆಫೀಸಿನ ಕೆಳಗಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ತೀರಿಹೋಗಿದ್ದಾನೆ. ನಾನು ಎರಡು ಸಲ ನೋಡಿದ್ದೇನೆ. ಜಾಸ್ತಿ ಮಾತಾಡುತ್ತಾಳೆ, ಅಣ್ಣ ಮುಖ ಗಂಟು ಹಾಕಿಕೊಂಡು ಕೂತಾಗಲೂ ನಿಲ್ಲಿಸುವುದಿಲ್ಲ. ಅವನು ಕೊನೆಗೆ ನಕ್ಕುಬಿಡುತ್ತಾನೆ. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ನಿಮ್ಮ ನೆನಪಾಗಿ ಹೊಟ್ಟೆಯೂ ಉರಿಯಿತು. ಎರಡೂ ಆಯಿತು, ಅತ್ತಿಗೆ, ಏನು ಮಾಡಲಿ.

ಆಕೆ ಒಂದು ದಿನ ನನ್ನ ಕೋಣೆಗೆ ಬಂದಿದ್ದಳು. ಕ್ಯಾಬಿನೆಟ್ಟಿನ ಪಕ್ಕ ನೀವು ಕೊರೆದ ತೂತು, ಜಾಲರಿ ನೋಡಿ, "ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ, ಯಾರು ಮಾಡಿದ್ದು?" ಎಂದು ಕೇಳಿದಳು. ನಮ್ಮ ಅತ್ತಿಗೆ ಎನ್ನಲು ಬಾಯಿ ತೆಗೆದೆ. ನಾಳೆಯಿಂದ ಇವಳೇ ಅತ್ತಿಗೆಯಲ್ಲವೇ ಎಂದು ಹೊಳೆಯಿತು. "ರಿಪೇರಿಯವರು" ಎಂದುಬಿಟ್ಟೆ. ಅವಳು ಹೋದ ಮೇಲೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ನಿಮಗೆ ನೋವಾಗುತ್ತದೆಂದು ಗೊತ್ತು. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನಾನೇ ಹೇಳುವುದು ಲೇಸು ಅನಿಸಿತು. ನಾನು ಮದುವೆಗೆ ಹೋಗುತ್ತೇನೆ. ಹೋಗಲೇಬೇಕು, ಅವನಿಗೆ ನಾನೊಬ್ಬಳೇ ಇರುವುದು. ಆದರೆ ಅದರಿಂದ ನೀವು ನನಗೆ ಇಲ್ಲವಾಗಬಾರದು. ಇನ್ನೊಂದು ಸಲ ತಡೆಯಲಾರೆ.

ಇಂತಿ,
ಚೂಟಿ


ಮೇ 25

ಅತ್ತಿಗೆ,

ನಿಮ್ಮಿಂದ ಕಾಗದವಿಲ್ಲ. ಅಣ್ಣನ ಮದುವೆ ಮುಗಿಯಿತು. ಅದರ ಬಗ್ಗೆ ಬರೆಯುವುದಿಲ್ಲ.

ನಿನ್ನೆ ಕಂಪ್ಯೂಟರಿನ ಸೆಟ್ಟಿಂಗ್ ತೆರೆದು ಕುಳಿತೆ. ವೇಗವನ್ನು ಹಳೆಯ ಕಡೆಗೆ ಏರಿಸಿ, ಪಕ್ಕದ ಫ್ಯಾನಿನ ವೈರು ಕಿತ್ತು, ಕೂರಿಸಿಬಿಡೋಣ ಎಂದುಕೊಂಡೆ. ಬಿದ್ದರೆ, ಸುಟ್ಟರೆ, ನಿಮಗೆ ಪಾರ್ಸೆಲ್ ಕಳಿಸಬಹುದಲ್ಲ. ಪಾರ್ಸೆಲ್ ಬಂದರೆ ನೀವು ಬಿಚ್ಚದೆ ಇರುವುದಿಲ್ಲ. ಒಂದು ಗುಂಡಿ ಒತ್ತುವುದಷ್ಟೇ ಬಾಕಿ ಇತ್ತು. ಕೈ ಬರಲಿಲ್ಲ. ನೀವು ಅಷ್ಟು ಜೋಪಾನವಾಗಿ ಅಂಟಿಸಿದ ತುಂಡುಗಳು ಅವು.

ಬೋರ್ಡಿಗೆ ಏನೂ ಆಗಿಲ್ಲ. ರಿಪೇರಿಗೆ ಏನೂ ಇಲ್ಲ. ಸುಮ್ಮನೆ ಬರೆಯುತ್ತಿದ್ದೇನೆ. ಸುಮ್ಮನೆ ಬರೆದರೆ ಉತ್ತರ ಬರುತ್ತದೋ ಇಲ್ಲವೋ?

ಚೂಟಿ


ಜೂನ್ 2

ಚೂಟಿ,

ಬರುತ್ತದೆ. ಬಂದಿದೆ ನೋಡು.

ತಡವಾಯಿತು. ಮದುವೆಯ ಸುದ್ದಿಯ ಕಾಗದ ಓದಿದಾಗ ಎದೆ ಧಸಕ್ಕೆಂದಿತು. ಬಿಟ್ಟು ಬಂದವಳು ನಾನು, ನನಗೇಕೆ ಧಸಕ್ಕೆನ್ನಬೇಕು? ಆದರೂ ಎಂದಿತು. ಅಂಗಡಿಯಲ್ಲಿ ಒಂದು ಬೋರ್ಡಿಗೆ ಸಾಲ್ಡರ್ ಹಾಕಲು ಹೋಗಿ ಇನ್ನೊಂದಕ್ಕೆ ಹಾಕಿದೆ. ಯಜಮಾನರು ನೋಡಿ, "ಮನೆಗೆ ಹೋಗಮ್ಮ" ಎಂದರು. ಮನೆಗೆ ಹೋಗಿ ಅತ್ತೆ. ನಿಮ್ಮಣ್ಣ ಬೇಕೆಂದಲ್ಲ. ಅವರು ನಗುತ್ತಿದ್ದಾರೆ ಎಂದೆಯಲ್ಲ, ಆ ನಗು ನನ್ನ ಕೈಯಲ್ಲಿ ಆಗಲಿಲ್ಲವಲ್ಲ ಎಂದು. ಹೊಟ್ಟೆಕಿಚ್ಚು ಎಂದರೂ ಸರಿಯೇ. ನಾಲ್ಕು ದಿನ ಇತ್ತು, ಈಗ ಇಳಿದಿದೆ. ಅವರು ಸುಖವಾಗಿರಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ, ಕಿಚ್ಚು ಇಳಿದ ಮೇಲೆ ಬರೆಯುತ್ತಿದ್ದೇನೆ.

ಆಮೇಲೆಯೂ ಯಾಕೆ ಬರೆಯಲಿಲ್ಲ ಎಂದರೆ, ನಾನು ಹಿಂದೆ ಸರಿಯುವುದು ನ್ಯಾಯ ಅನಿಸಿತು. ಹೊಸ ಮನೆಗೆ ಬಂದವಳಿಗೆ ಹಳಬಳ ನೆರಳು ಬೀಳಬಾರದು. ನೀನು ಅವಳನ್ನು ಅತ್ತಿಗೆ ಎಂದು ಕರೆಯಬೇಕು, ನನಗೆ ಕಾಗದ ಬರೆಯುತ್ತಿದ್ದರೆ ಆ ಪದ ನಿನ್ನ ಬಾಯಲ್ಲಿ ಅವಳಿಗಾಗಿ ಹೊರಡುವುದಿಲ್ಲ ಎಂದುಕೊಂಡೆ. ದೊಡ್ಡ ತ್ಯಾಗಮಯಿಯ ಹಾಗೆ ಪೆನ್ನು ಮುಚ್ಚಿಟ್ಟೆ. ನಿನ್ನ ಎರಡನೇ ಕಾಗದ ಬಂತು. ಬೋರ್ಡನ್ನೇ ಸುಡೋಣ ಎಂದುಕೊಂಡೆ ಎಂದು ಬರೆದಿದ್ದೀಯ. ಒಳ್ಳೆಯ ಬೋರ್ಡನ್ನು ಸುಟ್ಟಾದರೂ ನನ್ನನ್ನು ಮಾತಾಡಿಸಬೇಕು ಎನ್ನುವಷ್ಟಕ್ಕೆ ನಿನ್ನನ್ನು ತಂದು ನಿಲ್ಲಿಸಿದವಳು ನಾನೇ. ಎಂಥ ತ್ಯಾಗ ಅದು, ಮಣ್ಣಾಂಗಟ್ಟಿ. ಮೌನಕ್ಕೆ ಹೆದರಿ ಒಂದು ಮನೆ ಬಿಟ್ಟು ಬಂದವಳು ನಿನ್ನ ಮೇಲೆ ಅದನ್ನೇ ಹೇರಿದೆ. ಇನ್ನು ಮಾಡುವುದಿಲ್ಲ.

ಅವಳ ವಿಷಯ ಒಂದು ಮಾತು. ಅವಳನ್ನು ನನ್ನ ಪಕ್ಕ ನಿಲ್ಲಿಸಿ ತೂಗಬೇಡ. ನನ್ನನ್ನು ಹೊಗಳಬೇಡ, ಬೈಯಬೇಡ, ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಮಾತಾಡುವವಳು ಎಂದೆ, ಒಳ್ಳೆಯದು. ಮಾತಾಡಿ ಮಾತಾಡಿ ಅವಳಿಗೂ ಒಂದು ದಿನ ಸುಸ್ತಾಗುತ್ತದೆ. ಆ ದಿನ ನೀನು ಹೋಗಿ ಅವಳ ಹತ್ತಿರ ಕುಳಿತುಕೊ. ನನ್ನ ಹತ್ತಿರ ಕುಳಿತಿರುತ್ತಿದ್ದೆಯಲ್ಲ, ಹಾಗೆ. ನೀನು ಕುಳಿತಿದ್ದರಿಂದಲೇ ನಾನು ಅಷ್ಟು ವರ್ಷ ಅಲ್ಲಿದ್ದೆ ಎಂದು ನಿನಗೆ ಯಾವತ್ತೂ ಹೇಳಲಿಲ್ಲ. ಈಗ ಹೇಳಿದ್ದೇನೆ.

ಮುಂದಿನ ತಿಂಗಳು ಬಿಡುವು ಮಾಡಿಕೊಂಡು ಇಲ್ಲಿಗೆ ಬಾ. ಪಾರ್ಸೆಲ್ ಬೇಡ, ನೀನೇ ಬಾ. ನಿನ್ನ ದನಿ ಕೇಳಿ ನಾನು ಅತ್ತರೆ ಅಳುತ್ತೇನೆ, ಹೆದರಿ ಮಾತು ನಿಲ್ಲಿಸಬೇಡ. ಎರಡು ದಿನ ಕೇಳಿದರೆ ಅದು ನಿನ್ನ ದನಿಯೇ ಆಗುತ್ತದೆ.

ಇನ್ನು ಅವಳಿಗೆ ನನ್ನನ್ನು ಯಾರೆಂದು ಹೇಳುವುದು ಎಂದು ಒದ್ದಾಡಿದ್ದೀಯ. ಅಷ್ಟು ಓದಿದವಳಿಗೆ ಇಷ್ಟು ತಿಳಿಯುವುದಿಲ್ಲವೇ. ಇಬ್ಬರು ಅಣ್ಣಂದಿರು ಇರುವ ಹುಡುಗಿಯರೆಲ್ಲ ಇಬ್ಬರು ಅತ್ತಿಗೆಯರನ್ನು ಇಟ್ಟುಕೊಂಡು ಆರಾಮಾಗಿಲ್ಲವೇ? ನಿನಗೆ ಒಬ್ಬನೇ ಅಣ್ಣನಿಂದ ಇಬ್ಬರು ಸಿಕ್ಕಿದ್ದಾರೆ, ನಿನ್ನ ಪುಣ್ಯ. ಅವಳನ್ನು ಬಾಯಿತುಂಬ ಅತ್ತಿಗೆ ಎಂದು ಕರಿ. ಇನ್ನೊಮ್ಮೆ ಆ ಜಾಲರಿ ಯಾರು ಕಟ್ಟಿದ್ದೆಂದು ಅವಳು ಕೇಳಿದರೆ, ಧೈರ್ಯವಾಗಿ ಹೇಳು.

ಇಂತಿ ನಿನ್ನ,
ದೊಡ್ಡತ್ತಿಗೆ